ಗಾಳಿಗೆ ಹೋದದ್ದು ಎಲ್ಲಿ ಇಳಿಯುತ್ತದೆ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ, ಎಲ್ಲರಂತೆ ನಾನೂ ಹಳೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡೆ. ಹೆಂಚು ಹಾರಿಹೋದ ಮಳೆಗಾಲ, ಜಗಲಿಯಲ್ಲಿ ನಡೆದ ಎಂಟನೇ ತರಗತಿ, ಊರವರು ಶ್ರಮದಾನದಿಂದ ಸಮತಟ್ಟು ಮಾಡಿಕೊಟ್ಟ ಆಟದ ಮೈದಾನ. ಅವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ಈ ಶಾಲೆಯಿಂದಲೇ ಹೊರಬಂದಿದ್ದಾರೆ. ಆದರೆ ನನ್ನ ತಲೆಯ ಮೇಲೆ ಬೇರೊಂದು ಸಾಲ ಉಳಿದಿದೆ. ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡದೆ ಕೂರಿಸಿದ್ದೆ. ಅದನ್ನು ಇಲ್ಲಿ ತೀರಿಸಲು ಪ್ರಯತ್ನಿಸುತ್ತೇನೆ.

ನಾನು ಈ ಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಬಂದದ್ದು 1979ರಲ್ಲಿ. ಪ್ರಯೋಗಾಲಯವೆಂದು ಇದ್ದದ್ದು ಒಂದು ಬೀರು, ಅದರೊಳಗೆ ಕೆಲವು ಪ್ರನಾಳಗಳು ಮತ್ತು ಸುರುಳಿ ಸುತ್ತಿಟ್ಟ ಐದಾರು ಬಣ್ಣದ ನಕ್ಷೆಗಳು. ಅವುಗಳಲ್ಲೊಂದು ಸಾರಜನಕದ ಚಕ್ರ. ನೀವೆಲ್ಲ ಅದನ್ನು ನೋಡಿದ್ದೀರಿ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೀರಿ. ಮೇಲೆ ಮೋಡ ಮತ್ತು ಮಿಂಚು, ಕೆಳಗೆ ಬೇರುಗಂಟಿರುವ ಗಿಡ, ಪಕ್ಕದಲ್ಲಿ ಮೇಯುವ ಹಸು, ಮಣ್ಣಿನೊಳಗೆ ಬ್ಯಾಕ್ಟೀರಿಯಾ. ಬಾಣಗಳು ಒಂದರ ಬಾಲಕ್ಕೆ ಒಂದು ಸೇರಿಕೊಂಡು ಸುತ್ತು ಮುಗಿಸುತ್ತಿದ್ದವು. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ.

1988ರ ಒಂದು ಮಧ್ಯಾಹ್ನ ಆ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಪಾಠ ಮಾಡುತ್ತಿದ್ದಾಗ ಹತ್ತನೇ ತರಗತಿಯ ಒಬ್ಬ ಹುಡುಗ ಎದ್ದುನಿಂತ. "ಸಾರ್, ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಗಂಜಲದ ಘಾಟು ಮೂಗಿಗೆ ಹೊಡೆಯುತ್ತಲ್ಲ, ಅದೂ ಸಾರಜನಕವೇ ಅಲ್ವಾ? ಅದು ಗಾಳಿಗೆ ಹೋದ ಮೇಲೆ ಎಲ್ಲಿ ಇಳಿಯುತ್ತೆ ಸಾರ್? ಈ ಚಿತ್ರದಲ್ಲಿ ಅದಕ್ಕೆ ಬಾಣವೇ ಇಲ್ಲ" ಎಂದ. ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು, ಪಾಠ ಇನ್ನೂ ಬಾಕಿಯಿತ್ತು. "ಗಾಳಿಗೆ ಹೋದದ್ದು ಗಾಳಿಯಲ್ಲೇ ಇರುತ್ತೆ, ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವನು ಕುಳಿತ.

ಆ ಹುಡುಗ ಮುಂದೆ ಎಂಜಿನಿಯರ್ ಆಗಿ ನೆದರ್ಲೆಂಡ್ಸ್‌ಗೆ ಹೋದ. 2019ರ ಅಕ್ಟೋಬರ್‌ನಲ್ಲಿ ಒಂದು ದಿನ ಅಲ್ಲಿಂದ ಫೋನ್ ಮಾಡಿದ. "ಸಾರ್, ಇವತ್ತು ಆಫೀಸಿಗೆ ಹೋಗೋಕಾಗಲಿಲ್ಲ. ರಸ್ತೆ ತುಂಬ ಟ್ರ್ಯಾಕ್ಟರ್. ಇಲ್ಲಿಯ ರೈತರು ರಾಜಧಾನಿಗೆ ನುಗ್ಗಿದ್ದಾರೆ. ಯಾತಕ್ಕೆ ಗೊತ್ತಾ? ಸಾರಜನಕಕ್ಕೆ! ನಾನು ಅವತ್ತು ಕೇಳಿದ್ದೆನಲ್ಲ, ಅದೇ ಪ್ರಶ್ನೆಗೆ" ಎಂದು ನಕ್ಕ. ಅವನಿಗೆ ಅದು ನಗುವಿನ ಮಾತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಿವೃತ್ತನಾಗಿ ಏಳು ವರ್ಷವಾಗಿತ್ತು. ಮೂವತ್ತಮೂರು ವರ್ಷ ನಾನು ಕಲಿಸಿದ ಚಿತ್ರದಲ್ಲಿ ಒಂದು ಬಾಣ ಇರಲೇ ಇಲ್ಲ. ಆ ಬಾಣವನ್ನು ಹುಡುಕಿಕೊಂಡು ಓದಿದ್ದರ ಫಲವೇ ಈ ಲೇಖನ.

ಮಳೆನೀರನ್ನು ಅಳೆದವರು

ಕಥೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿಂದ ಆರಂಭವಾಗುತ್ತದೆ. ಅಲ್ಲಿ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರು ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರು 1843ರಲ್ಲಿ ಗೊಬ್ಬರದ ಪ್ರಯೋಗಗಳನ್ನು ಶುರುಮಾಡಿದರು. ಆ ಕಾಲದ ದೊಡ್ಡ ವಿಜ್ಞಾನಿ ಜರ್ಮನಿಯ ಲೀಬಿಗ್. ಬೆಳೆಗೆ ಬೇಕಾದ ಸಾರಜನಕ ಗಾಳಿಯಲ್ಲಿರುವ ಅಮೋನಿಯಾ ರೂಪದಲ್ಲಿ ಮಳೆಯೊಡನೆ ಇಳಿದು ಬರುತ್ತದೆ, ರೈತ ಖನಿಜಾಂಶಗಳನ್ನು ಕೊಟ್ಟರೆ ಸಾಕು ಎಂಬುದು ಅವರ ವಾದ. ಲಾಸ್ ಮತ್ತು ಗಿಲ್ಬರ್ಟ್ ಇದನ್ನು ಒಪ್ಪಲಿಲ್ಲ. ಬಾಯಿಮಾತಿನ ಜಗಳ ಬಿಟ್ಟು, 1853ರಲ್ಲಿ ಎಕರೆಯ ಸಾವಿರದ ಒಂದು ಭಾಗದಷ್ಟು ಅಗಲದ ಮಳೆಮಾಪಕ ಕಟ್ಟಿಸಿ, ಬಿದ್ದ ನೀರಿನಲ್ಲಿ ಎಷ್ಟು ಸಾರಜನಕವಿದೆಯೆಂದು ಅಳೆಯತೊಡಗಿದರು. ಸಿಕ್ಕದ್ದು ಹೆಕ್ಟೇರಿಗೆ ವರ್ಷಕ್ಕೆ ಕೆಲವೇ ಕಿಲೋ. ಗೋಧಿ ಬೆಳೆಗೆ ಅದು ಯಾವ ಮೂಲೆಗೂ ಸಾಲದು. ವಾದದಲ್ಲಿ ಅವರು ಗೆದ್ದರು. ಆದರೆ ಅವರಿಗೇ ತಿಳಿಯದಂತೆ ಇನ್ನೊಂದು ಉಪಕಾರವಾಯಿತು. ಗಾಳಿ ಕೆಡುವುದಕ್ಕೆ ಮೊದಲು ಮಳೆಯಲ್ಲಿ ಎಷ್ಟು ಸಾರಜನಕ ಇಳಿಯುತ್ತಿತ್ತು ಎಂಬ ಲೆಕ್ಕ ಮುಂದಿನವರಿಗೆ ಉಳಿಯಿತು.

ಅವರು 1856ರಲ್ಲಿ ಆರಂಭಿಸಿದ ಇನ್ನೊಂದು ಪ್ರಯೋಗ ಇಂದಿಗೂ ನಡೆಯುತ್ತಿದೆ. ಹೆಸರು ಪಾರ್ಕ್ ಗ್ರಾಸ್. ಸುಮಾರು ಏಳು ಎಕರೆಯ ಒಂದು ಹುಲ್ಲುಗಾವಲನ್ನು ತುಂಡು ತುಂಡಾಗಿ ಹಂಚಿ, ಒಂದಕ್ಕೆ ಏನನ್ನೂ ಹಾಕದೆ, ಇನ್ನೊಂದಕ್ಕೆ ಬಗೆಬಗೆಯ ಗೊಬ್ಬರ ಹಾಕುತ್ತ ಬಂದರು. ಉದ್ದೇಶ ಹುಲ್ಲಿನ ಇಳುವರಿ ನೋಡುವುದಷ್ಟೇ. ಆದರೆ ಕೆಲವೇ ವರ್ಷಗಳಲ್ಲಿ ತುಂಡುಗಳು ಬೇರೆ ಬೇರೆ ಬೀಜ ಬಿತ್ತಿದವೋ ಎಂಬಂತೆ ಕಾಣತೊಡಗಿದವು. ಏನೂ ಹಾಕದ ತುಂಡಿನಲ್ಲಿ ಹುಲ್ಲು, ಹೂಗಿಡ, ದ್ವಿದಳ ಸಸ್ಯ ಎಲ್ಲ ಸೇರಿ ಮೂವತ್ತೈದು ನಲವತ್ತು ಜಾತಿ. ಸುಣ್ಣ ಕೊಡದೆ ಬರೀ ಅಮೋನಿಯಂ ಸಲ್ಫೇಟ್ ಹೇರಳವಾಗಿ ಸುರಿದ ತುಂಡಿನಲ್ಲಿ ಕೊನೆಗೆ ಉಳಿದದ್ದು ಎರಡೋ ಮೂರೋ ಜಾತಿಯ ಹುಲ್ಲು.

ಇದರ ಒಳಗುಟ್ಟು ನಮ್ಮ ಊರವರಿಗೆ ಹೊಸದಲ್ಲ. ಬಡ ಮಣ್ಣಿನಲ್ಲಿ ಎಲ್ಲರೂ ಅರೆಹೊಟ್ಟೆ, ಆದ್ದರಿಂದ ಎಲ್ಲರಿಗೂ ಜಾಗ. ಮಣ್ಣು ಕೊಬ್ಬಿದಾಗ ಬೇಗ ಉಣ್ಣಬಲ್ಲ ಒಂದೆರಡು ಗಿಡಗಳು ಎದೆಯೆತ್ತರ ಬೆಳೆದು ಉಳಿದವುಗಳ ಬಿಸಿಲು ಕಸಿಯುತ್ತವೆ. ತಿಪ್ಪೆಯ ಸುತ್ತ ಯಾವ ಗಿಡ ಬೆಳೆಯುತ್ತದೆ, ಬೆಟ್ಟದ ಕರಡದಲ್ಲಿ ಎಷ್ಟು ಬಗೆಯ ಹೂವಿರುತ್ತದೆ ಎಂದು ದನ ಕಾಯ್ದ ಯಾರನ್ನು ಕೇಳಿದರೂ ಹೇಳುತ್ತಾರೆ.

ಗಾಳಿಯಿಂದ ಅನ್ನ

ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಭಾಗ ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಎಷ್ಟು ಗಟ್ಟಿಯಾಗಿ ಬೆಸೆದುಕೊಂಡಿವೆಯೆಂದರೆ ಗಿಡಕ್ಕೆ ಅದು ಬೀಗ ಹಾಕಿದ ಪಣತದಂತೆ. ಆ ಬೀಗ ತೆಗೆಯಬಲ್ಲವರು ಪ್ರಕೃತಿಯಲ್ಲಿ ಇಬ್ಬರೇ. ಒಂದು ಮಿಂಚು, ಇನ್ನೊಂದು ಕೆಲವು ಸೂಕ್ಷ್ಮಜೀವಿಗಳು. ದ್ವಿದಳ ಗಿಡದ ಬೇರುಗಂಟಿನಲ್ಲಿ ಈ ಕೆಲಸ ನಡೆಯುತ್ತದೆಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ತೋರಿಸಿಕೊಟ್ಟರು.

ಯುರೋಪಿನ ಹೊಟ್ಟೆಗೆ ಅದು ಸಾಲುತ್ತಿರಲಿಲ್ಲ. ಪೆರು ದೇಶದ ದ್ವೀಪಗಳಿಂದ ಹಕ್ಕಿಹಿಕ್ಕೆಯ ಗ್ವಾನೋ, ಚಿಲಿಯ ಮರುಭೂಮಿಯಿಂದ ಪೆಟ್ಲುಪ್ಪು ಹಡಗು ತುಂಬಿ ಬರುತ್ತಿತ್ತು. ಅವೂ ತೀರಿದರೆ ಗೋಧಿ ತಿನ್ನುವ ಜನ ಉಪವಾಸ ಬೀಳುತ್ತಾರೆ, ರಸಾಯನಶಾಸ್ತ್ರಜ್ಞರೇ ದಾರಿ ತೋರಬೇಕು ಎಂದು ವಿಲಿಯಂ ಕ್ರೂಕ್ಸ್ 1898ರಲ್ಲಿ ಬ್ರಿಸ್ಟಲ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಎಚ್ಚರಿಸಿದರು. ದಾರಿ ತೋರಿದವರು ಫ್ರಿಟ್ಸ್ ಹೇಬರ್. 1909ರಲ್ಲಿ ಅವರು ಹೆಚ್ಚಿನ ಒತ್ತಡ, ಹೆಚ್ಚಿನ ಶಾಖ ಮತ್ತು ವೇಗವರ್ಧಕದ ನೆರವಿನಿಂದ ಗಾಳಿಯ ಸಾರಜನಕಕ್ಕೆ ಹೈಡ್ರೋಜನ್ ಸೇರಿಸಿ ಹನಿಹನಿಯಾಗಿ ಅಮೋನಿಯಾ ಇಳಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಜರ್ಮನಿಯ ಓಪೌನಲ್ಲಿ ಉತ್ಪಾದನೆ ಶುರುವಾಯಿತು. ಇಬ್ಬರಿಗೂ ನೊಬೆಲ್ ಬಂತು. ಅದೇ ಅಮೋನಿಯಾದಿಂದ ಮದ್ದುಗುಂಡೂ ತಯಾರಾಯಿತು, ಅದು ಬೇರೆ ಕಥೆ.

ಈ ವಿದ್ಯೆ ನಮ್ಮ ನಾಡಿಗೂ ಬೇಗ ಬಂತು. ಸ್ವಾತಂತ್ರ್ಯಕ್ಕೂ ಮೊದಲೇ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆ ಎದ್ದಿತು. ಮುಂದೆ ಹಸಿರು ಕ್ರಾಂತಿಯ ಬೀಜಗಳ ಜೊತೆ ಯೂರಿಯಾ ನಮ್ಮ ಗದ್ದೆಗೆ ಇಳಿಯಿತು. ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಸರ್ಕಾರಿ ಗೊಬ್ಬರ. ನಾನು ಅದರ ಪರವಾಗಿ ಮಾತಾಡಿದವನೇ. ಶಾಲೆಯ ಹಿತ್ತಿಲಿನಲ್ಲಿ ಎರಡು ಪಾತಿ ಮಾಡಿ, ಒಂದಕ್ಕೆ ಯೂರಿಯಾ ಹಾಕಿ, ಪೋಷಕರ ಸಭೆಯ ದಿನ ಎರಡನ್ನೂ ತೋರಿಸಿದ್ದು ಹಲವರಿಗೆ ನೆನಪಿರಬಹುದು. ಈಗಲೂ ಅದಕ್ಕಾಗಿ ನಾಚಿಕೆಯಿಲ್ಲ. ಇಂದು ಭೂಮಿಯ ಮೇಲಿರುವ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಣ್ಣುವ ಅನ್ನ ಹೇಬರ್–ಬಾಷ್ ವಿಧಾನದ ಗೊಬ್ಬರವನ್ನು ನಂಬಿದೆ. ರೇಷನ್ ಗೋಧಿಯ ಸಾಲಿನಲ್ಲಿ ನಿಂತು ಬೆಳೆದ ನನ್ನ ತಲೆಮಾರಿನವನು ಗೊಬ್ಬರವನ್ನು ಬೈದರೆ ಅದು ಕೃತಘ್ನತೆ. ನನ್ನ ತಪ್ಪು ಬೇರೆಯದು. ಹಾಕಿದ್ದರಲ್ಲಿ ಬೆಳೆ ಉಂಡದ್ದೆಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಕೇಳಿದವನನ್ನು ಕೂರಿಸಿದೆ.

ಕಾಡಿನ ಮೇಲೆ ಬಿದ್ದದ್ದು

ಗಾಳಿಗೆ ಸೇರುವ ಸಾರಜನಕಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ದನ, ಹಂದಿ, ಕೋಳಿಗಳ ಮಲಮೂತ್ರದಿಂದ ಮತ್ತು ಯೂರಿಯಾದಿಂದ ಏಳುವ ಅಮೋನಿಯಾ. ಕೊಟ್ಟಿಗೆಯ ಘಾಟು ಇದೇ. ಇದರಲ್ಲಿ ಬಹಳಷ್ಟು ಹತ್ತಿರದಲ್ಲೇ ಇಳಿಯುತ್ತದೆ. ಇನ್ನೊಂದು, ವಾಹನ, ವಿದ್ಯುತ್ ಸ್ಥಾವರ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು. ಇವು ಗಡಿ ದಾಟಿ ನೂರಾರು ಕಿಲೋಮೀಟರ್ ಹೋಗುತ್ತವೆ. ಎರಡೂ ಮಳೆಯಲ್ಲಿ ಕರಗಿ ಬೀಳುತ್ತವೆ, ಮಳೆಯಿಲ್ಲದಾಗ ಎಲೆಗಳಿಗೆ ನೇರವಾಗಿ ಅಂಟುತ್ತವೆ. ಬಯಲಿಗಿಂತ ಕಾಡಿಗೆ ಹೆಚ್ಚು ಬೀಳುತ್ತದೆ, ಏಕೆಂದರೆ ಮರದ ತಲೆ ಗಾಳಿಯನ್ನು ಸೋಸುವ ಜರಡಿಯಂತೆ.

1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಕಾಡು ಸಾಯುತ್ತಿದೆ ಎಂಬ ಕೂಗು ಎದ್ದಿತು. ಸ್ಪ್ರೂಸ್, ಫರ್ ಮರಗಳ ಸೂಜಿಯೆಲೆ ಹಳದಿಯಾಗಿ ಉದುರುತ್ತಿತ್ತು. ಗೋಟಿಂಗೆನ್ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ಉಲ್ರಿಚ್, ಸೋಲಿಂಗ್ ಬೆಟ್ಟಗಳ ಕಾಡಿನಲ್ಲಿ ವರ್ಷಗಟ್ಟಲೆ ಅಳತೆ ಮಾಡಿ, ಆಮ್ಲ ಮಳೆಯಿಂದ ಮಣ್ಣಿನ ಸುಣ್ಣ ಮತ್ತು ಮೆಗ್ನೀಸಿಯಂ ತೊಳೆದುಹೋಗಿ, ಕರಗಿದ ಅಲ್ಯೂಮಿನಿಯಂ ಬೇರನ್ನು ಸುಡುತ್ತಿದೆ ಎಂದರು. ಆಗ ಎಲ್ಲರ ಬೆರಳು ಕಲ್ಲಿದ್ದಲ ಹೊಗೆಯ ಗಂಧಕದ ಕಡೆಗಿತ್ತು. 1985ರಲ್ಲಿ ಸ್ವೀಡನ್ನಿನ ಬೆಂಗ್ಟ್ ನಿಲ್‌ಗೋರ್ಡ್, ಇದರಲ್ಲಿ ಅಮೋನಿಯಾದ ಪಾಲೂ ಇದೆ ಎಂದು ವಾದಿಸಿದರು. ಅಮೋನಿಯಾ ತಾನು ಕ್ಷಾರ. ಆದರೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಾಳಿಯಲ್ಲಿ ಕ್ಷಾರವಾಗಿದ್ದದ್ದು ಮಣ್ಣಿಗಿಳಿದ ಮೇಲೆ ಆಮ್ಲದ ಕೆಲಸ ಮಾಡುತ್ತದೆ.

ಹೆದರಿದಂತೆ ಜರ್ಮನಿಯ ಕಾಡೆಲ್ಲ ಸಾಯಲಿಲ್ಲ. ಗಂಧಕದ ಹೊಗೆಗೆ ಕಾನೂನಿನ ಕಡಿವಾಣ ಬಿತ್ತು. ಅನೇಕ ಕಡೆ ಮರಗಳು ಮೊದಲಿಗಿಂತ ಬೇಗ ಬೆಳೆಯತೊಡಗಿದವು. ಆ ಬೆಳವಣಿಗೆಗೆ ಒಂದು ಕಾರಣ ಗಾಳಿಯಿಂದ ಇಳಿದ ಸಾರಜನಕವೇ. ಇಲ್ಲೇ ಇರುವುದು ಇದರ ಮೋಸ. ಮೊದಲು ಅದು ವರದಂತೆ ಕಾಣುತ್ತದೆ.

ನಮ್ಮ ಹುಡುಗ ಪ್ರಶ್ನೆ ಕೇಳಿದ ಅದೇ 1988ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಕಾಡಿನಲ್ಲಿ ಜಾನ್ ಏಬರ್ ಮತ್ತು ಸಂಗಡಿಗರು ಅದಕ್ಕೆ ಉತ್ತರ ಹುಡುಕುವ ಪ್ರಯೋಗ ಹೂಡಿದರು. ಪೈನ್ ತೋಪಿನ ಮತ್ತು ಅಗಲ ಎಲೆಯ ಕಾಡಿನ ಕೆಲವು ತುಂಡುಗಳಿಗೆ ಪ್ರತಿವರ್ಷ ಹೆಕ್ಟೇರಿಗೆ 50 ಕಿಲೋ, ಕೆಲವಕ್ಕೆ 150 ಕಿಲೋ ಸಾರಜನಕ ಕೊಡುತ್ತ ಬಂದರು. ಏಬರ್ ಹೇಳಿದ ಕ್ರಮ ಹೀಗಿದೆ. ಮೊದಲ ಹಂತದಲ್ಲಿ ಹಸಿದ ಕಾಡು ಸಿಕ್ಕದ್ದನ್ನೆಲ್ಲ ಉಣ್ಣುತ್ತದೆ, ಎಲೆ ಹಸಿರಾಗುತ್ತದೆ. ಆಮೇಲೆ ಹೊಟ್ಟೆ ತುಂಬುತ್ತದೆ, ಮಿಕ್ಕದ್ದು ನೈಟ್ರೇಟ್ ಆಗಿ ಹಳ್ಳಕ್ಕೆ ಸೋರುತ್ತದೆ. ಹೋಗುವಾಗ ಅದು ಒಂಟಿಯಾಗಿ ಹೋಗುವುದಿಲ್ಲ, ಮಣ್ಣಿನ ಸುಣ್ಣ ಮತ್ತು ಮೆಗ್ನೀಸಿಯಂಗಳನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಕೊನೆಗೆ ಮರ ಕ್ಷೀಣಿಸುತ್ತದೆ. ಹೆಚ್ಚು ಸಾರಜನಕ ಕೊಟ್ಟ ಪೈನ್ ತುಂಡಿನಲ್ಲಿ ಸುಮಾರು ಹದಿನೈದು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಗಳು ಸತ್ತವು. ಅಗಲ ಎಲೆಯ ಕಾಡು ಹೆಚ್ಚು ತಾಳಿಕೊಂಡಿತು. ಎಲ್ಲ ಕಾಡಿನ ಹೊಟ್ಟೆಯೂ ಒಂದೇ ಅಳತೆಯದಲ್ಲ.

ನೇರಳೆ ಬಯಲು ಹುಲ್ಲಾದ ಬಗೆ

ಇನ್ನು ಆ ಟ್ರ್ಯಾಕ್ಟರುಗಳ ದೇಶಕ್ಕೆ ಬರೋಣ. ನೆದರ್ಲೆಂಡ್ಸ್ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ಚಿಕ್ಕದು. ಅಲ್ಲಿಯ ಮರಳು ಮಣ್ಣಿನ ಬಯಲುಗಳಲ್ಲಿ ಹೆದರ್ ಎಂಬ ಮೊಳಕಾಲೆತ್ತರದ ಪೊದೆ ಬೆಳೆಯುತ್ತದೆ. ಆಗಸ್ಟ್ ತಿಂಗಳಲ್ಲಿ ಬಯಲಿಗೆ ಬಯಲೇ ನೇರಳೆ ಬಣ್ಣದ ಹೂ ಹೊದ್ದು ಮಲಗುತ್ತದೆ. ಇದು ತಾನಾಗಿ ಹುಟ್ಟಿದ ಬಯಲಲ್ಲ, ರೈತರು ಕಾಪಾಡಿಕೊಂಡು ಬಂದದ್ದು. ಹಳೆಯ ಕಾಲದಲ್ಲಿ ಅಲ್ಲಿಯವರು ಬಯಲಿನಲ್ಲಿ ಕುರಿ ಮೇಯಿಸಿ, ಹೆದರನ್ನು ಬೇರು ಮಣ್ಣು ಸಮೇತ ಹೆಂಟೆಯಾಗಿ ಕಿತ್ತು ತಂದು ಕುರಿದೊಡ್ಡಿಗೆ ಹಾಸುತ್ತಿದ್ದರು. ಹಿಕ್ಕೆ ಗಂಜಲ ಬೆರೆತು ಹದವಾದ ಮೇಲೆ ಹೊಲಕ್ಕೆ ಹೊತ್ತು ಹಾಕುತ್ತಿದ್ದರು.

ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಇದು ನಮ್ಮ ಸೊಪ್ಪಿನ ಬೆಟ್ಟವೇ ಅಲ್ಲವೇ? ಬೆಟ್ಟದಿಂದ ಸೊಪ್ಪು ಕಡಿದು, ಬೇಸಿಗೆಯಲ್ಲಿ ದರಗು ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರದ ಗುಂಡಿಗೆ ತುಂಬಿ, ಕೊನೆಗೆ ಅಡಿಕೆಯ ಬುಡಕ್ಕೆ ಹಾಕುವುದನ್ನು ನೋಡುತ್ತಲೇ ನಾವು ಬೆಳೆದದ್ದು. ಸಮುದ್ರದಾಚೆಯ ರೈತ ಬೇರೆ ಹವೆಯಲ್ಲಿ, ಬೇರೆ ಮಣ್ಣಿನಲ್ಲಿ ಅದೇ ಲೆಕ್ಕಕ್ಕೆ ಬಂದಿದ್ದ. ಬಯಲಿನ ಸಾರ ಹೊಲಕ್ಕೆ ಹೋಗುತ್ತಿತ್ತು, ಬಯಲು ಬಡವಾಗಿಯೇ ಉಳಿಯುತ್ತಿತ್ತು. ಆ ಬಡತನದಲ್ಲೇ ಹೆದರ್ ಅರಳುತ್ತಿತ್ತು.

ಕೃತಕ ಗೊಬ್ಬರ ಬಂದ ಮೇಲೆ ಹೆಂಟೆ ಕೀಳುವ ಕೆಲಸ ನಿಂತಿತು. ಎರಡನೇ ಮಹಾಯುದ್ಧದ ನಂತರ ಹಡಗಿನಲ್ಲಿ ಬಂದ ಸೋಯಾ ಮೇವಿನ ಮೇಲೆ ದನ, ಹಂದಿ, ಕೋಳಿಗಳ ಸಾಕಣೆ ಬೃಹತ್ತಾಗಿ ಬೆಳೆಯಿತು. ಬೇರೆ ಖಂಡದ ಮಣ್ಣಿನ ಸಾರ ಮೇವಾಗಿ ಬಂದು, ಸಗಣಿ ಗಂಜಲವಾಗಿ, ಅಮೋನಿಯಾ ಆಗಿ ಗಾಳಿಗೆ ಏರಿತು. 1980ರ ದಶಕದಲ್ಲಿ ಅಲ್ಲಿಯ ಕೆಲವು ಕಾಡುಗಳ ಮೇಲೆ ಹೆಕ್ಟೇರಿಗೆ ವರ್ಷಕ್ಕೆ 50 ಕಿಲೋದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಸಾರಜನಕ ಬೀಳುತ್ತಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಈಗಿನ 45 ಕಿಲೋ ಚೀಲದಲ್ಲಿ ಎಕರೆಗೆ ಹತ್ತಿರ ಹತ್ತಿರ ಒಂದು ಮೂಟೆ ಯೂರಿಯಾ. ಪ್ರತಿವರ್ಷ, ಯಾರೂ ಹಾಕದೆ, ಆಕಾಶದಿಂದ!

ಹೆದರ್ ಬಯಲಿಗೆ ಆದದ್ದು ಹೀಗೆ. ಸಾರಜನಕ ಉಂಡ ಹೆದರ್ ಎಲೆ ರಸಭರಿತವಾಯಿತು. ಆ ಎಲೆ ತಿನ್ನುವ ದುಂಬಿಯ ಮರಿಗಳಿಗೆ ಹಬ್ಬವಾಯಿತು. ದುಂಬಿ ಬೋಳಿಸಿದ ಜಾಗದಲ್ಲಿ ಬೆಳಕು ಬಿದ್ದದ್ದೇ ತಡ, ಹುಲ್ಲು ಎದ್ದಿತು. ಕೊಬ್ಬಿದ ಮಣ್ಣಿನಲ್ಲಿ ಹುಲ್ಲಿನ ಮುಂದೆ ಹೆದರ್ ಮತ್ತೆ ತಲೆಯೆತ್ತಲಿಲ್ಲ. 1980ರ ದಶಕದ ಹೊತ್ತಿಗೆ ದೇಶದ ಹೆದರ್ ಬಯಲುಗಳಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹುಲ್ಲಿನ ಪಾಲಾಗಿತ್ತು. ಹೊರಗಿನವರು ನೋಡಿದರೆ ಹಸಿರಾಗಿಯೇ ಕಾಣುತ್ತಿತ್ತು. ಹಾಳಾಗಿದೆಯೆಂದು ಯಾರೂ ಹೇಳುವಂತಿರಲಿಲ್ಲ.

ಕಾಡಿನೊಳಗೂ ಇಂಥದೇ ಸದ್ದಿಲ್ಲದ ಬದಲಾವಣೆ. ಮರದ ಬೇರಿಗೆ ಅಂಟಿಕೊಂಡು ನೀರು ಪೋಷಕಾಂಶ ಒದಗಿಸುವ ಅಣಬೆಗಳು ಕಡಿಮೆಯಾದವು. ಸಾರಜನಕ ಪುಕ್ಕಟೆ ಸಿಗುವಾಗ ಮರ ಅಣಬೆಗೆ ಸಕ್ಕರೆಯ ಕೂಲಿ ಏಕೆ ಕೊಟ್ಟೀತು? ಮರದ ತೊಗಟೆಯ ಮೇಲಿನ ಕಲ್ಲುಹೂವುಗಳಲ್ಲಿ ಶುದ್ಧ ಗಾಳಿ ಬಯಸುವ ಜಾತಿಗಳು ಹಿಂದೆ ಸರಿದವು. ಅಮೋನಿಯಾ ಒಗ್ಗುವ ಹಳದಿ ಬಣ್ಣದ ಕಲ್ಲುಹೂವು ಹಬ್ಬಿತು.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಒಂದು ಹಕ್ಕಿಯ ಸಂಗತಿ. ವೇಲುವೆ ಪ್ರದೇಶದ ಬುಂಡರ್‌ಕಾಂಪ್ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಗುಬ್ಬಿಗಾತ್ರದ ಹಕ್ಕಿಗಳು 1980ರ ದಶಕದಲ್ಲಿ ತೆಳುವಾದ, ಒಡೆದುಹೋಗುವ ಮೊಟ್ಟೆ ಇಡತೊಡಗಿದವು. ಕೆಲವು ಚಿಪ್ಪಿಲ್ಲದ ಮೊಟ್ಟೆಯ ಮೇಲೆ ಕಾವು ಕೂರುತ್ತಿದ್ದವು, ಕೆಲವು ಖಾಲಿ ಗೂಡಿನಲ್ಲೇ ಕೂರುತ್ತಿದ್ದವು. ಯಾಪ್ ಗ್ರಾವ್‌ಲ್ಯಾಂಡ್ ಮತ್ತು ಸಂಗಡಿಗರು ಕಾರಣ ಹುಡುಕಿದರು. ಈ ಹಕ್ಕಿಗಳಿಗೆ ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಸಿಗುವುದು ಬಸವನಹುಳುವಿನ ಚಿಪ್ಪಿನಿಂದ. ಮಣ್ಣಿಗೆ ಆಮ್ಲವಿಳಿದು ಸುಣ್ಣ ತೊಳೆದುಹೋದ ಕಾಡಿನಲ್ಲಿ ಬಸವನಹುಳುವೇ ಉಳಿದಿರಲಿಲ್ಲ. ಗೂಡಿನ ಬಳಿ ಬಸವನಹುಳುವಿನ ಚಿಪ್ಪನ್ನೂ ಕೋಳಿಮೊಟ್ಟೆಯ ಸಿಪ್ಪೆಯನ್ನೂ ಇಟ್ಟು ನೋಡಿದರು. ಮೊಟ್ಟೆಗಳು ಗಟ್ಟಿಯಾದವು. ಈ ಸಂಶೋಧನೆ 1994ರಲ್ಲಿ ಪ್ರಕಟವಾಯಿತು. ಇಲ್ಲಿ ಗಂಧಕದ ಆಮ್ಲವೂ ಸಾರಜನಕದ ಆಮ್ಲವೂ ಪಾಲುದಾರರು. ಕೊಟ್ಟಿಗೆಯ ಘಾಟಿಗೂ ಹಕ್ಕಿಯ ಮೊಟ್ಟೆಗೂ ನಡುವೆ ಇಷ್ಟು ಮೆಟ್ಟಿಲು! ನನ್ನ ನಕ್ಷೆಯಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲ.

ನ್ಯಾಯಾಲಯ, ಟ್ರ್ಯಾಕ್ಟರ್ ಮತ್ತು ಸಾಲದ ಲೆಕ್ಕ

ಡಚ್ಚರು ಕೈಕಟ್ಟಿ ಕೂರಲಿಲ್ಲ. ಸಗಣಿ ರಾಡಿಯನ್ನು ಹೊಲದ ಮೇಲೆ ಎರಚುವುದನ್ನು ಬಿಡಿಸಿ ಮಣ್ಣಿನೊಳಕ್ಕೆ ಸೇರಿಸುವ ನಿಯಮ ಬಂತು, ಗೊಬ್ಬರದ ತೊಟ್ಟಿಗಳಿಗೆ ಮುಚ್ಚಳ ಬಂತು. 1990ರಿಂದೀಚೆಗೆ ಅಲ್ಲಿಯ ಅಮೋನಿಯಾ ಅರ್ಧಕ್ಕಿಂತ ಕೆಳಗಿಳಿಯಿತು. ಆದರೂ ಅನೇಕ ರಕ್ಷಿತ ಪ್ರದೇಶಗಳಲ್ಲಿ ಬೀಳುವುದು ತಾಳಿಕೆಯ ಮಿತಿಗಿಂತ ಹೆಚ್ಚೇ ಉಳಿಯಿತು. ಸರ್ಕಾರ 2015ರಲ್ಲಿ ಒಂದು ಯೋಜನೆ ಮಾಡಿತು. ಮುಂದೆ ಸಾರಜನಕ ಇಳಿಯುತ್ತದೆಂಬ ಭರವಸೆಯ ಮೇಲೆ ಈಗಲೇ ಹೊಸ ಕೊಟ್ಟಿಗೆ, ರಸ್ತೆ, ಕಟ್ಟಡಗಳಿಗೆ ಅನುಮತಿ ಕೊಡುವುದು. ಬರುವ ವರ್ಷದ ಅಡಿಕೆ ನಂಬಿ ಈ ವರ್ಷವೇ ಸಾಲ ಎತ್ತಿದ ಹಾಗೆ. 2019ರ ಮೇ 29ರಂದು ಅಲ್ಲಿಯ ಉನ್ನತ ಆಡಳಿತ ನ್ಯಾಯಪೀಠ, ಗಳಿಸದ ಇಳಿಕೆಯನ್ನು ಖರ್ಚು ಮಾಡುವಂತಿಲ್ಲ ಎಂದು ಅದನ್ನು ರದ್ದು ಮಾಡಿತು. ಸಾವಿರಾರು ಕಾಮಗಾರಿಗಳು ನಿಂತವು. ಹಗಲಿನಲ್ಲಿ ಹೆದ್ದಾರಿಯ ವೇಗಮಿತಿಯನ್ನು ಗಂಟೆಗೆ 130ರಿಂದ 100 ಕಿಲೋಮೀಟರಿಗೆ ಇಳಿಸಿದರು. ಜಾನುವಾರುಗಳ ಸಂಖ್ಯೆ ಅರ್ಧಕ್ಕಿಳಿಸಬೇಕೆಂದು ಒಬ್ಬ ರಾಜಕಾರಣಿ ಹೇಳಿದ ಮೇಲೆ ರೈತರು ಅಕ್ಟೋಬರ್ 1ರಂದು ಟ್ರ್ಯಾಕ್ಟರ್ ಏರಿ ಹೇಗ್ ನಗರಕ್ಕೆ ಬಂದರು. ಆ ಬೆಳಿಗ್ಗೆ ದೇಶದ ರಸ್ತೆಗಳಲ್ಲಿ ಒಟ್ಟು ಸಾವಿರ ಕಿಲೋಮೀಟರಿಗೂ ಮಿಕ್ಕಿ ವಾಹನ ನಿಂತಿದ್ದವು. ನಮ್ಮ ಹುಡುಗ ಸಿಕ್ಕಿಹಾಕಿಕೊಂಡದ್ದು ಅದರಲ್ಲೇ.

ಆ ರೈತರನ್ನು ನಾನು ದೂರಲಾರೆ. ಹೆಚ್ಚು ಬೆಳೆಯಿರಿ, ಹೆಚ್ಚು ಸಾಕಿರಿ ಎಂದು ದಶಕಗಟ್ಟಲೆ ಹೇಳಿದವರು ಸರ್ಕಾರದವರು, ಬ್ಯಾಂಕಿನವರು, ನನ್ನಂಥ ಮೇಷ್ಟ್ರುಗಳು. ಸಾಲ ಮಾಡಿ ಕೊಟ್ಟಿಗೆ ಕಟ್ಟಿದ ಮೇಲೆ ಕೆಡವು ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಪ್ರಶ್ನೆಯನ್ನು ಆರಂಭದಲ್ಲೇ ಕೇಳಿಸಿಕೊಂಡಿದ್ದರೆ ಕೊನೆಯಲ್ಲಿ ಇಷ್ಟು ನೋವಾಗುತ್ತಿರಲಿಲ್ಲ.

ಸಮಾಧಾನದ ಮಾತೂ ಇದೆ. 1990ರ ಹೊತ್ತಿಗೆ ಸ್ವೀಡನ್ ಮತ್ತು ನೆದರ್ಲೆಂಡ್ಸ್‌ನ ಕೆಲವು ಕಾಡುಗಳಲ್ಲಿ ಮರಗಳ ತಲೆಯ ಕೆಳಗೆ ಪಾರದರ್ಶಕ ಛಾವಣಿ ಕಟ್ಟಿ, ಕೆಟ್ಟ ಮಳೆಯನ್ನು ತಡೆದು, ಶುದ್ಧ ನೀರು ಸಿಂಪಡಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಮಣ್ಣಿನಿಂದ ಸೋರುವ ನೈಟ್ರೇಟ್ ಇಳಿಯಿತು. ಪಾರ್ಕ್ ಗ್ರಾಸ್ ಹುಲ್ಲುಗಾವಲಿನಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಿಂದೀಚೆಗೆ ಗಾಳಿಯ ಸಾರಜನಕ ಹತ್ತಿರ ಹತ್ತಿರ ಅರ್ಧಕ್ಕಿಳಿದ ಮೇಲೆ, ಕಾಣೆಯಾಗಿದ್ದ ಹೂಗಿಡಗಳು, ದ್ವಿದಳಗಳು ಮತ್ತೆ ತಲೆಯೆತ್ತಿವೆ ಎಂದು 2015ರಲ್ಲಿ ವರದಿಯಾಯಿತು. ಹಿಂತಿರುಗಿ ಬರುವ ದಾರಿ ಇದೆ. ಬಂದಷ್ಟು ಬೇಗ ಹೋಗುವುದಿಲ್ಲ, ಅಷ್ಟೇ.

ನಮ್ಮ ಅಂಗಳಕ್ಕೆ

ಇದು ದೂರದ ದೇಶದ ಮಾತು ಎಂದು ಮಡಚಿಡುವಂತಿಲ್ಲ. ಉಪಗ್ರಹಗಳು ತೆಗೆದ ಅಮೋನಿಯಾ ನಕ್ಷೆಯಲ್ಲಿ ಗಂಗಾ ಬಯಲು ಜಗತ್ತಿನಲ್ಲೇ ಎದ್ದು ಕಾಣುವ ಪ್ರದೇಶಗಳಲ್ಲೊಂದು. 2015ರಿಂದ ನಮ್ಮ ದೇಶದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದು ಕಡ್ಡಾಯ. ಸಾರಜನಕ ನಿಧಾನವಾಗಿ ಬಿಡುಗಡೆಯಾಗಿ ಬೆಳೆಗೆ ಹೆಚ್ಚು ದಕ್ಕಲಿ, ವ್ಯರ್ಥವಾಗುವುದು ಕಡಿಮೆಯಾಗಲಿ ಎಂಬುದು ಅದರ ಒಂದು ಉದ್ದೇಶ. 2019ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ ಸಾರಜನಕದ ಸುಸ್ಥಿರ ನಿರ್ವಹಣೆಯ ನಿರ್ಣಯ ಮಂಡಿಸಿದ್ದೇ ಭಾರತ. ಅದೇ ಅಕ್ಟೋಬರ್‌ನಲ್ಲಿ, ಹೇಗ್‌ನಲ್ಲಿ ಟ್ರ್ಯಾಕ್ಟರ್ ನಿಂತಿದ್ದ ತಿಂಗಳಲ್ಲಿ, 2030ರೊಳಗೆ ಸಾರಜನಕದ ಪೋಲನ್ನು ಅರ್ಧಕ್ಕಿಳಿಸುವ ಘೋಷಣೆ ಕೊಲಂಬೊದಲ್ಲಿ ಹೊರಬಿತ್ತು.

ಘೋಷಣೆ ದೊಡ್ಡವರ ಕೆಲಸ. ನಮ್ಮ ಕೈಯಲ್ಲಿರುವುದು ಚಿಕ್ಕದು. ಕಳಿತ ಗೊಬ್ಬರವನ್ನು ಬಿಸಿಲಿಗೆ ಹರಡಿಬಿಡದೆ ಕೂಡಲೇ ಮಣ್ಣು ಮುಚ್ಚುವುದು, ಗುಂಡಿಯ ಮೇಲೆ ಸೊಪ್ಪೋ ದರಗೋ ಹೊದಿಸುವುದು, ಗಂಜಲ ಹರಿದುಹೋಗದಂತೆ ಕೊಟ್ಟಿಗೆಗೆ ಚೆನ್ನಾಗಿ ಹಾಸುವುದು, ಯೂರಿಯಾವನ್ನು ಒಂದೇ ಸಲ ಎರಚದೆ ಎರಡು ಮೂರು ಕಂತಿನಲ್ಲಿ ಹಾಕುವುದು. ಇವೆಲ್ಲ ನಮ್ಮ ತಾಯಂದಿರು ಮತ್ತು ಕೃಷಿ ಇಲಾಖೆಯವರು ಬೇರೆ ಬೇರೆ ಕಾಲದಲ್ಲಿ ಹೇಳಿದ್ದೇ. ದುಡ್ಡು ಉಳಿಯುತ್ತದೆ, ಬೆಟ್ಟವೂ ಉಳಿಯುತ್ತದೆ.

ಶಾಲೆಗೆ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಕಟ್ಟುತ್ತಿದ್ದೀರಿ, ಸಂತೋಷ. ಅದರ ಜೊತೆಗೆ ಅಂಗಳದಲ್ಲಿ ಒಂದು ಮಳೆಮಾಪಕ ಇಡಿ, ಅದರ ಖರ್ಚು ನನ್ನದು. ಮಕ್ಕಳು ದಿನವೂ ಮಳೆ ಬರೆದಿಡಲಿ. ಧ್ವಜಸ್ತಂಭದ ಪಕ್ಕದ ಹಳೆಯ ಮಾವಿನ ಮರದ ಮೇಲೆ ಎಷ್ಟು ಬಗೆಯ ಕಲ್ಲುಹೂವಿದೆಯೆಂದು ವರ್ಷಕ್ಕೊಮ್ಮೆ ಚಿತ್ರ ಬಿಡಿಸಿ ಪುಸ್ತಕದಲ್ಲಿ ಅಂಟಿಸಲಿ. ರೋಥಮ್‌ಸ್ಟೆಡ್‌ನವರೂ ಶುರುಮಾಡಿದ್ದು ಮಳೆನೀರು ಹಿಡಿಯುವುದರಿಂದಲೇ. ಶತಮಾನೋತ್ಸವ ಆಚರಿಸುವವರಿಗೆ ಐವತ್ತು ವರ್ಷದ ಲೆಕ್ಕ ಸಿಕ್ಕೀತು.

ಬರೆದು ಮುಗಿಸಿದ ಮೇಲೆ ಇದರ ಒಂದು ಪ್ರತಿಯನ್ನು ಆ ಹುಡುಗನಿಗೆ ಕಳಿಸುತ್ತೇನೆ. ಹುಡುಗನೆಂದೆ, ಅವನಿಗೂ ಈಗ ಐವತ್ತು ದಾಟಿದೆ. ಅಂದು ನೀನು ಕೇಳಿದ್ದು ಸರಿಯಾಗಿತ್ತು ಕಣಪ್ಪಾ, ಆ ಬಾಣ ಇತ್ತು, ನಕ್ಷೆಯಲ್ಲಿ ಬರೆದಿರಲಿಲ್ಲ ಅಷ್ಟೇ. ಮೂವತ್ತಾರು ವರ್ಷ ತಡವಾಯಿತು. ಇಂದು ಈ ಶಾಲೆಯಲ್ಲಿ ಪಾಠ ಮಾಡುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದೇ ವಿನಂತಿ: ಗಂಟೆ ಹೊಡೆಯಲು ಐದೇ ನಿಮಿಷ ಉಳಿದಿದ್ದರೂ, ಎದ್ದುನಿಂತ ಮಗುವನ್ನು ಕೂರಿಸಬೇಡಿ.